ಕೊರಡಿನೊಳಗಣ ಬೆಳಕು

ಮಳೆಗಾಲದ ಕಾಡಿನಲ್ಲಿ, ಚಂದ್ರನಿಲ್ಲದ ಇರುಳಿನಲ್ಲಿ, ನೆಲಕ್ಕೊರಗಿ ಲಡ್ಡುಹಿಡಿದ ಕೊರಡೊಂದು ತನ್ನಷ್ಟಕ್ಕೆ ತಾನೇ ನಸುಹಸುರಾದ ಕಾಂತಿಯನ್ನು ಸೂಸುತ್ತಿರುತ್ತದೆಂಬ ಮಾತನ್ನು ಕೇಳಿದವರು ಮೊದಲು ನಂಬುವುದಿಲ್ಲ; ನಂಬಿದವರು ಅದನ್ನು ಕೊಳ್ಳಿದೆವ್ವದ ಕಥೆಗಳ ಸಾಲಿಗೆ ಸೇರಿಸಿಬಿಡುತ್ತಾರೆ. ಆದರೆ ಅದು ಕಥೆಯಲ್ಲ, ದೃಷ್ಟಿಭ್ರಮೆಯೂ ಅಲ್ಲ. ಆ ಬೆಳಕಿಗೆ ಶಾಖವಿಲ್ಲ, ಹೊಗೆಯಿಲ್ಲ. ಮಿಂಚುಹುಳುವಿನ ಬೆಳಕಿನಂತೆ ಅದು ಹೊತ್ತಿ ಆರುವುದೂ ಇಲ್ಲ. ಕೊರಡಿನಲ್ಲಿ ತೇವವಿರುವಷ್ಟು ಕಾಲ, ಅದರೊಳಗೆ ಹಬ್ಬಿದ ಶಿಲೀಂಧ್ರದ ಎಳೆಗಳಲ್ಲಿ ಜೀವವಿರುವಷ್ಟು ಕಾಲ, ಅದು ಎಡೆಬಿಡದೆ ಹೊಮ್ಮುತ್ತಿರುತ್ತದೆ. ಕೆಲವು ಜಾತಿಗಳಲ್ಲಿ ಅಣಬೆಯ ಕೊಡೆಯೇ ಬೆಳಗುತ್ತದೆ. ಕೆಲವುಗಳಲ್ಲಿ ಕಾಂಡ ಮಾತ್ರ. ಮತ್ತೆ ಕೆಲವುಗಳಲ್ಲಿ ಮೇಲೆ ತಲೆಯೆತ್ತಿದ ಅಣಬೆ ಕತ್ತಲಾಗಿಯೇ ಉಳಿದು, ಮರದೊಳಗಿನ ಕವಕಜಾಲವಷ್ಟೇ ಬೆಳಗುತ್ತದೆ. ಹೆಸರು ಪಡೆದಿರುವ ಲಕ್ಷಕ್ಕೂ ಮಿಕ್ಕ ಶಿಲೀಂಧ್ರಗಳಲ್ಲಿ ಈ ದೀಪ್ತಿಯುಳ್ಳವು ನೂರಕ್ಕೆ ತುಸು ಮೇಲ್ಪಟ್ಟು ಮಾತ್ರ.

ಈ ಬೆಳಕಿಗೆ ಎರಡು ಸಾವಿರ ವರ್ಷಗಳಿಗೂ ಹಳೆಯದಾದ ಲಿಖಿತ ಚರಿತ್ರೆಯಿದೆ. ಆ ಚರಿತ್ರೆಯನ್ನು ಓದುತ್ತ ಹೋದಂತೆ ನನ್ನ ಮನಸ್ಸಿನಲ್ಲಿ ದೃಢವಾಗುತ್ತ ಬಂದ ವಿಚಾರವೊಂದಿದೆ. ಇದನ್ನು ಗ್ರಂಥದಲ್ಲಿ ಬರೆದವರು ವಿದ್ವಾಂಸರು. ಆದರೆ ಮೊದಲು ಕಂಡವರು, ಬಳಸಿದವರು, ವಿದ್ವಾಂಸರ ಕೈಹಿಡಿದು ಕತ್ತಲಿಗೆ ಕರೆದೊಯ್ದು ತೋರಿಸಿದವರು ಮಾತ್ರ ಬೇರೆಯೇ ಜನ. ಕಾಡಿನಲ್ಲಿ ಔಷಧಿ ಆಯುವವರು, ರಾತ್ರಿ ದಾರಿ ನಡೆಯುವವರು, ಗಣಿಯಲ್ಲಿ ದುಡಿಯುವವರು, ಬೀದಿಯಲ್ಲಿ ಆಡುವ ಮಕ್ಕಳು, ಇವರೇ ಈ ಚರಿತ್ರೆಯ ಮೊದಲ ಸಾಕ್ಷಿಗಳು. ಇಂದು ಕ್ಯಾಮೆರಾ ಹಿಡಿದು ಅದೇ ಬೆಳಕಿನ ಮುಂದೆ ಮಂಡಿಯೂರುವ ಛಾಯಾಗ್ರಾಹಕನು ಈ ಎರಡೂ ಪರಂಪರೆಗಳಿಗೆ ಉತ್ತರಾಧಿಕಾರಿಯಾಗಿದ್ದಾನೆ. ಆದ್ದರಿಂದ ಎರಡಕ್ಕೂ ಋಣಿಯಾಗಿದ್ದಾನೆ.

ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿ ಅರಿಸ್ಟಾಟಲನು ಆತ್ಮವನ್ನು ಕುರಿತ ತನ್ನ ಗ್ರಂಥದಲ್ಲಿ ದೃಷ್ಟಿಯ ಸ್ವರೂಪವನ್ನು ವಿಚಾರಿಸುವಾಗ, ಹಗಲಿನಲ್ಲಲ್ಲದೆ ಕತ್ತಲಿನಲ್ಲಿಯೂ ಕಾಣುವ ಕೆಲವು ವಸ್ತುಗಳನ್ನು ಹೆಸರಿಸಿ, ಅವುಗಳ ಜೊತೆಗೆ ಅಣಬೆಯನ್ನೂ ಮೀನಿನ ತಲೆಯನ್ನೂ ಸೇರಿಸಿದನು. ಇವು ಕತ್ತಲಲ್ಲಿ ಹೊಳೆಯುತ್ತವಾದರೂ ಇವುಗಳ ಸ್ವಂತ ವರ್ಣ ಆಗ ಕಾಣದೆಂದು ಒಂದು ಸೂಕ್ಷ್ಮವಾದ ಮಾತನ್ನೂ ಕೂಡಿಸಿದನು. ಕ್ರಿಸ್ತಶಕ ಮೊದಲನೆಯ ಶತಮಾನದಲ್ಲಿ ರೋಮಿನ ಪ್ಲಿನಿಯು ಗಾಲ್ ದೇಶದ ಮರಗಳ ಮೇಲೆ ಬೆಳೆಯುವ ಒಂದು ಔಷಧೀಯ ಅಣಬೆಯನ್ನು ವರ್ಣಿಸಿ, ಅದು ರಾತ್ರಿಯಲ್ಲಿ ಹೊಳೆಯುತ್ತದೆಂದೂ, ಆ ಹೊಳಪನ್ನೇ ಗುರುತಾಗಿಟ್ಟುಕೊಂಡು ಜನ ಅದನ್ನು ಕತ್ತಲಲ್ಲಿ ಕೀಳುತ್ತಾರೆಂದೂ ತಿಳಿಸಿದನು. ಇದು ಗ್ರಂಥಾಲಯದಲ್ಲಿ ಕುಳಿತವನಿಗೆ ತಾನಾಗಿ ಹೊಳೆಯುವ ಸಂಗತಿಯಲ್ಲ. ಮರ ಹತ್ತಿ ಕೈಯಿಟ್ಟು ಕಿತ್ತವರ ಅನುಭವವೇ ಬಾಯಿಂದ ಬಾಯಿಗೆ ಹರಿದು ಪ್ಲಿನಿಯ ಲೇಖನಿಯವರೆಗೆ ಬಂದಿರಬೇಕು. ನಮ್ಮ ಕಡೆ ಕಾಳಿದಾಸನು ಕುಮಾರಸಂಭವದ ಪ್ರಥಮ ಸರ್ಗದಲ್ಲಿ ಹಿಮವಂತನನ್ನು ವರ್ಣಿಸುವಾಗ, ಇರುಳಿನಲ್ಲಿ ತಾವೇ ಬೆಳಗಿ ಗುಹೆಗಳೊಳಗಿನ ವನಚರರಿಗೆ ಎಣ್ಣೆಯಿಲ್ಲದ ದೀಪಗಳಾಗುವ ಔಷಧಿಗಳನ್ನು ಚಿತ್ರಿಸಿದ್ದಾನೆ. ಕವಿಯ ಔಷಧಿಗಳು ಅಣಬೆಗಳೆಂದು ಸಾಧಿಸುವುದು ನನ್ನ ಉದ್ದೇಶವಲ್ಲ. ಆದರೆ ಅವನ ಶ್ಲೋಕದಲ್ಲಿಯೂ ಆ ಬೆಳಕಿನ ಫಲವನ್ನು ಪಡೆಯುವವರು ಕಾಡಿನಲ್ಲಿ ಬಾಳುವವರೇ ಎಂಬುದನ್ನು ಗಮನಿಸದೆ ಮುಂದೆ ಹೋಗಲಾಗದು.

ಸ್ವೀಡನ್ನಿನ ಧರ್ಮಗುರು ಓಲಾಸ್ ಮ್ಯಾಗ್ನಸ್ 1555ರಲ್ಲಿ ರೋಮಿನಲ್ಲಿ ಪ್ರಕಟಿಸಿದ ಉತ್ತರ ದೇಶದ ಜನರ ಚರಿತ್ರೆಯಲ್ಲಿ ಇನ್ನೂ ಸ್ಪಷ್ಟವಾದ ಉಲ್ಲೇಖವಿದೆ. ಚಳಿಗಾಲದಲ್ಲಿ ರಾತ್ರಿಯೇ ದೀರ್ಘವಾಗಿರುವ ಆ ಸೀಮೆಯಲ್ಲಿ, ದಟ್ಟವಾದ ಅಡವಿಯೊಳಕ್ಕೆ ಹೋಗಬೇಕಾದವರು, ಕೊಳೆತು ಹೊಳೆಯುವ ಓಕ್ ಮರದ ತೊಗಟೆಯ ತುಂಡುಗಳನ್ನು ದಾರಿಯುದ್ದಕ್ಕೂ ಅಲ್ಲಲ್ಲಿ ಇಟ್ಟುಕೊಂಡು ಹೋಗಿ, ಹಿಂದಿರುಗುವಾಗ ಆ ಹೊಳಪನ್ನೇ ಅನುಸರಿಸಿ ಬರುತ್ತಿದ್ದರೆಂದು ಅವನು ಬರೆದಿದ್ದಾನೆ. ಎಣ್ಣೆ ಬತ್ತಿಗಳ ವೆಚ್ಚವಿಲ್ಲದ, ಗಾಳಿಗೆ ಆರದ, ಮಳೆಗೆ ನಂದದ ಈ ದಾರಿದೀಪವನ್ನು ರೂಢಿಸಿಕೊಂಡವರಿಗೆ ಅದರ ಕಾರಣವನ್ನು ತಿಳಿಯುವ ಅಗತ್ಯವಿರಲಿಲ್ಲ. ಅದರ ಗುಣವನ್ನು ಮಾತ್ರ ಅವರು ಚೆನ್ನಾಗಿ ಬಲ್ಲವರಾಗಿದ್ದರು.

ಕಾರಣದ ಅನ್ವೇಷಣೆ ಪ್ರಾರಂಭವಾದುದು ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ. 1667ರ ಶರತ್ಕಾಲದಲ್ಲಿ ರಾಬರ್ಟ್ ಬಾಯ್ಲನು ಹೊಳೆಯುವ ಮರದ ಚೂರೊಂದನ್ನು ತನ್ನ ವಾಯುರೇಚಕ ಯಂತ್ರದ ಗಾಜಿನ ಪಾತ್ರೆಯೊಳಗಿಟ್ಟು, ಕೋಣೆಯನ್ನು ಕತ್ತಲು ಮಾಡಿ, ಒಳಗಿನ ಗಾಳಿಯನ್ನು ಸ್ವಲ್ಪಸ್ವಲ್ಪವಾಗಿ ಹೊರತೆಗೆಯತೊಡಗಿದನು. ಗಾಳಿ ವಿರಳವಾಗುತ್ತ ಬಂದಂತೆ ಮರದ ಕಾಂತಿ ಕುಂದುತ್ತ ಬಂದು, ಕಡೆಗೆ ಕಣ್ಣಿಗೆ ಕಾಣದಂತಾಯಿತು. ಆಗ ಅವನು ಗಾಳಿಯನ್ನು ಮರಳಿ ಒಳಕ್ಕೆ ಬಿಟ್ಟನು. ಕಾಂತಿಯೂ ಮರಳಿ ಬಂದಿತು. ಕೆಂಡವನ್ನು ಇದೇ ಪರೀಕ್ಷೆಗೆ ಒಳಪಡಿಸಿ ನೋಡಿದಾಗ, ಗಾಳಿಯಿಲ್ಲದೆ ಒಮ್ಮೆ ಆರಿದ ಕೆಂಡ ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಹೊತ್ತಿಕೊಳ್ಳಲಿಲ್ಲ. ಮರದ ಚೂರಾದರೋ ಬಹಳ ಹೊತ್ತು ನಿರ್ವಾತದಲ್ಲಿದ್ದ ಮೇಲೆಯೂ ಗಾಳಿ ಸೋಕಿದೊಡನೆ ಬೆಳಗಿತು. 1668ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬಾಯ್ಲನ ಈ ಪ್ರಯೋಗಗಳು ಪ್ರಕಟವಾದವು. ಆಮ್ಲಜನಕವೆಂಬ ಅನಿಲವೊಂದಿದೆಯೆಂಬುದು ಲೋಕಕ್ಕೆ ತಿಳಿಯಲು ಇನ್ನೂ ನೂರು ವರ್ಷಗಳಿದ್ದವು; ಮರದೊಳಗೆ ಹೊಳೆಯುತ್ತಿರುವುದು ಒಂದು ಶಿಲೀಂಧ್ರವೆಂಬುದೂ ಬಾಯ್ಲನಿಗೆ ತಿಳಿದಿರಲಿಲ್ಲ. ಆದರೂ ಈ ಬೆಳಕು ಬೆಂಕಿಯಲ್ಲ, ಗಾಳಿಯನ್ನು ಅವಲಂಬಿಸಿದ ಬೇರೊಂದು ವ್ಯಾಪಾರವೆಂಬ ಸತ್ಯವನ್ನು ಅವನ ಪ್ರಯೋಗ ನಿಸ್ಸಂದೇಹವಾಗಿ ಸ್ಥಾಪಿಸಿತು.

ಅದೇ ಕಾಲದಲ್ಲಿ, ಭೂಗೋಳದ ಮತ್ತೊಂದು ಪಾರ್ಶ್ವದಲ್ಲಿ, ಜರ್ಮನಿಯಲ್ಲಿ ಹುಟ್ಟಿ ಡಚ್ ವ್ಯಾಪಾರಿ ಕಂಪನಿಯ ಸೇವೆಯಲ್ಲಿದ್ದ ಗೇಯಾರ್ಗ್ ಎಬರ್ಹಾರ್ಡ್ ರುಂಫಿಯಸ್ ಎಂಬವನು ಮಲಕ್ಕು ದ್ವೀಪಗಳಲ್ಲೊಂದಾದ ಆಂಬೋನಿನ ಸಸ್ಯಸಂಪತ್ತನ್ನು ಬರೆದಿಡುವ ಮಹಾಕಾರ್ಯದಲ್ಲಿ ನಿರತನಾಗಿದ್ದನು. ಆ ದ್ವೀಪವಾಸಿಗಳು ರಾತ್ರಿ ಕಾಡಿನಲ್ಲಿ ನಡೆಯುವಾಗ ಹೊಳೆಯುವ ಅಣಬೆಗಳನ್ನು ಕೈಯಲ್ಲಿ ಪಂಜಿನಂತೆ ಹಿಡಿದು ಹೋಗುವುದನ್ನು ಅವನು ದಾಖಲಿಸಿದ್ದಾನೆ. ಈ ವಾಕ್ಯವನ್ನು ಬರೆಸಿದವನ ಬಾಳಿನ ಕಥೆ ತಿಳಿದವರಿಗೆ ಅದು ಬರಿಯ ವಾಕ್ಯವಾಗಿ ಉಳಿಯದು. 1670ರಲ್ಲಿ ರುಂಫಿಯಸನ ಎರಡೂ ಕಣ್ಣುಗಳು ಹೋದವು. 1674ರ ಭೂಕಂಪದಲ್ಲಿ ಹೆಂಡತಿಯೂ ಮಗಳೂ ಮಡಿದರು. 1687ರ ಬೆಂಕಿಯಲ್ಲಿ ಚಿತ್ರಗಳು ಸುಟ್ಟುಹೋದವು. ಮತ್ತೆ ಸಿದ್ಧವಾದ ಹಸ್ತಪ್ರತಿಯನ್ನು ಹೊತ್ತ ಹಡಗು ಯುದ್ಧದಲ್ಲಿ ಮುಳುಗಿತು. ಅದೃಷ್ಟವಶಾತ್ ಒಂದು ಪ್ರತಿ ಬಟಾವಿಯಾದಲ್ಲಿ ಉಳಿದಿತ್ತು. 1702ರಲ್ಲಿ ಅವನು ತೀರಿಕೊಂಡು ಸುಮಾರು ನಾಲ್ವತ್ತು ವರ್ಷಗಳಾದ ಮೇಲೆ, 1741ರಿಂದ, ಆ ಗ್ರಂಥದ ಸಂಪುಟಗಳು ಒಂದೊಂದಾಗಿ ಬೆಳಕು ಕಂಡವು. ಕಣ್ಣಿಲ್ಲದೆ ಮೂರು ದಶಕಗಳನ್ನು ಕಳೆದ ಮಹಾನುಭಾವನ ಗ್ರಂಥವೇ ಆಂಬೋನಿನ ಜನರ ಇರುಳಿನ ಈ ಪಂಜನ್ನು ನಮ್ಮವರೆಗೆ ತಂದು ಮುಟ್ಟಿಸಿದೆ.

ಹದಿನೆಂಟನೆಯ ಶತಮಾನದಲ್ಲಿ ಈ ಬೆಳಕು ಯುದ್ಧಕ್ಕೂ ಒದಗಿತು. ಅಮೆರಿಕದ ಸ್ವಾತಂತ್ರ್ಯಸಂಗ್ರಾಮದ ಕಾಲದಲ್ಲಿ ಡೇವಿಡ್ ಬುಶ್ನೆಲ್ ಎಂಬವನು ಒಬ್ಬನೇ ಕುಳಿತು ನಡೆಸಬಹುದಾದ ಮರದ ಜಲಾಂತರ್ನೌಕೆಯೊಂದನ್ನು ನಿರ್ಮಿಸಿದನು. ಅದರೊಳಗೆ ದೀಪ ಹಚ್ಚಿದರೆ ಉಸಿರಾಟಕ್ಕಿದ್ದ ಅಲ್ಪಸ್ವಲ್ಪ ಗಾಳಿಯೂ ತೀರಿಹೋಗುತ್ತಿತ್ತಾದ್ದರಿಂದ, ದಿಕ್ಸೂಚಿಯನ್ನೂ ಆಳಮಾಪಕವನ್ನೂ ಕತ್ತಲಲ್ಲಿ ಓದಿಕೊಳ್ಳಲು ಹೊಳೆಯುವ ಮರದ ಚೂರುಗಳನ್ನು ಅವುಗಳ ಮೇಲೆ ಅಳವಡಿಸಲಾಯಿತು. ಆದರೆ ಹಿಮ ಬೀಳುವ ಕಾಲ ಬಂದಾಗ ಆ ಚೂರುಗಳು ಬೆಳಗುವುದನ್ನು ನಿಲ್ಲಿಸಿದವು. ಚಳಿಯಲ್ಲಿ ಶಿಲೀಂಧ್ರದ ಜೀವವ್ಯಾಪಾರವೇ ಮಂದವಾಗುತ್ತದೆಂಬುದು ಇಂದು ನಮಗೆ ತಿಳಿದಿದೆ. 1776ರ ಸೆಪ್ಟೆಂಬರಿನಲ್ಲಿ ಆ ನೌಕೆ ನ್ಯೂಯಾರ್ಕ್ ಬಂದರಿನಲ್ಲಿ ಆಂಗ್ಲರ ಯುದ್ಧನೌಕೆಯೊಂದರ ಮೇಲೆ ಮಾಡಿದ ಪ್ರಯತ್ನ ಸಫಲವಾಗಲಿಲ್ಲ. ಯೂರೋಪಿನ ಗಣಿಗಳಲ್ಲಿ ನೆಲದಡಿಯ ಆಧಾರದ ತೊಲೆಗಳು ಹೊಳೆಯುವುದನ್ನು ಗಣಿಗಾರರು ಬಹುಕಾಲದಿಂದ ಕಂಡಿದ್ದರು. ಆ ಹೊಳಪು ಮರದ್ದಲ್ಲ, ಮರವನ್ನು ತಿಂದು ಬಾಳುವ ಶಿಲೀಂಧ್ರದ್ದು ಎಂಬುದು ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಇಂಥ ತೊಲೆಗಳ ಪರಿಶೀಲನೆಯಿಂದಲೇ ವಿಶದವಾಗುತ್ತ ಬಂದಿತು.

ಈಗ ನಾನು 1839ನೆಯ ಇಸವಿಯ ಬಳಿ ಸ್ವಲ್ಪ ಹೊತ್ತು ನಿಲ್ಲಬಯಸುತ್ತೇನೆ. ಆ ವರ್ಷದ ಡಿಸೆಂಬರ್ ತಿಂಗಳ ಆರಂಭದ ಒಂದು ಕತ್ತಲ ರಾತ್ರಿ, ಸ್ಕಾಟ್ಲೆಂಡಿನ ಸಸ್ಯವಿಜ್ಞಾನಿ ಜಾರ್ಜ್ ಗಾರ್ಡ್ನರ್ ಬ್ರೆಜಿಲ್ ದೇಶದ ಒಳನಾಡಿನ ನಾತಿವಿದಾದೆ ಎಂಬ ಊರಿನ ಬೀದಿಯಲ್ಲಿ ನಡೆದುಹೋಗುತ್ತಿದ್ದನು. ಕೆಲವು ಹುಡುಗರು ಏನೋ ಹೊಳೆಯುವ ವಸ್ತುವನ್ನು ಹಿಡಿದು ಆಡುತ್ತಿದ್ದುದು ಅವನ ಕಣ್ಣಿಗೆ ಬಿತ್ತು. ದೊಡ್ಡ ಜಾತಿಯ ಮಿಂಚುಹುಳುವಿರಬೇಕೆಂದು ಅವನು ಮೊದಲು ಭಾವಿಸಿದನು. ಕೇಳಿ ನೋಡಿದಾಗ, ಅದು ಅಣಬೆಯೆಂದೂ, ಊರ ಸುತ್ತಲೂ ಗಿಡ್ಡ ಜಾತಿಯ ತಾಳೆಯ ಕೊಳೆತ ಗರಿಗಳ ಮೇಲೆ ಹೇರಳವಾಗಿ ಬೆಳೆಯುತ್ತದೆಂದೂ ತಿಳಿಯಿತು. ಮರುದಿನವೇ ಅವನು ಬಹಳಷ್ಟು ಅಣಬೆಗಳನ್ನು ಸಂಗ್ರಹಿಸಿದನು. ಒಂದು ಅಂಗುಲದಿಂದ ಎರಡೂವರೆ ಅಂಗುಲದವರೆಗೆ ಅಗಲವಿದ್ದ ಅವುಗಳಲ್ಲಿ ಕೆಲವನ್ನು ಕತ್ತಲ ಕೋಣೆಯಲ್ಲಿಟ್ಟರೆ, ಆ ಬೆಳಕಿನಲ್ಲಿ ಅಕ್ಷರಗಳನ್ನು ಓದಬಹುದಾಗಿತ್ತು. ಊರಿನವರು ಅದನ್ನು ತೆಂಗಿನ ಹೂವೆಂದು ಕರೆಯುತ್ತಿದ್ದರು. ಶಿಲೀಂಧ್ರತಜ್ಞ ಬರ್ಕ್ಲಿಯು 1840ರಲ್ಲಿ ಅದಕ್ಕೆ ಗಾರ್ಡ್ನರನ ಹೆಸರನ್ನೇ ಇಟ್ಟನು. ಮುಂದೆ ಸಿಂಹಳದ ಪೆರಾದೆನಿಯ ಸಸ್ಯೋದ್ಯಾನದ ಮುಖ್ಯಾಧಿಕಾರಿಯಾಗಿ ಬಂದ ಗಾರ್ಡ್ನರ್ 1849ರಲ್ಲಿ ಆ ದ್ವೀಪದಲ್ಲಿಯೇ ತೀರಿಕೊಂಡನು. ಅಣಬೆಯ ವಿಷಯವಾದರೋ ಬಹುಮಟ್ಟಿಗೆ ವಿಸ್ಮೃತಿಗೆ ಸಂದಿತು; ಬ್ರೆಜಿಲ್ಲಿನ ಮತ್ತು ಅಮೆರಿಕದ ವಿಜ್ಞಾನಿಗಳು ಅದನ್ನು ಮರಳಿ ಹುಡುಕಿ ತೆಗೆದು, ಹೊಸದಾಗಿ ಪರಿಶೀಲಿಸಿ, ಅದಕ್ಕೆ ಸಲ್ಲುವ ವರ್ಗದಲ್ಲಿ ಸೇರಿಸಿದುದು 2011ರಲ್ಲಿ. ನಡುವಿನ ಈ ನೂರೆಪ್ಪತ್ತು ವರ್ಷಗಳಲ್ಲಿ ಅದು ಗ್ರಂಥಗಳಿಗೆ ಅಪರಿಚಿತವಾಗಿತ್ತೇ ಹೊರತು, ತಾಳೆಯ ಗರಿಗಳ ಮೇಲೆ ಪ್ರತಿ ಮಳೆಗಾಲದಲ್ಲೂ ಬೆಳಗುವುದನ್ನು ಬಿಟ್ಟಿರಲಿಲ್ಲ.

ಪಶ್ಚಿಮ ಆಸ್ಟ್ರೇಲಿಯದ ಸ್ವಾನ್ ನದಿಯ ವಸಾಹತಿನಿಂದ ಜೇಮ್ಸ್ ಡ್ರಮಂಡ್ ಬರೆದು 1842ರಲ್ಲಿ ಪ್ರಕಟವಾದ ಪತ್ರದಲ್ಲಿಯೂ ಇಂಥದೇ ಪ್ರಸಂಗವಿದೆ. ಅವನು ಹೊಳೆಯುವ ಅಣಬೆಯನ್ನು ವೃತ್ತಪತ್ರಿಕೆಯ ಮೇಲಿಟ್ಟು, ಸುತ್ತಲಿನ ಅಕ್ಷರಗಳನ್ನು ರಾತ್ರಿ ಓದಿದನು. ಅಣಬೆ ಒಣಗುತ್ತ ಬಂದಂತೆ ಬೆಳಕೂ ದಿನದಿಂದ ದಿನಕ್ಕೆ ಕ್ಷೀಣಿಸಿತು. ಬೆಳಕನ್ನು ಅಳೆಯುವ ಉಪಕರಣಗಳು ಕೈಯಲ್ಲಿಲ್ಲದ ಕಡೆ ಅಕ್ಷರವೇ ಅದರ ಮಾನದಂಡವಾಯಿತು.

ಗಾರ್ಡ್ನರನು ಆ ಹುಡುಗರನ್ನು ಕಂಡ 1839ರಲ್ಲಿಯೇ, ಆಗಸ್ಟ್ ತಿಂಗಳಿನಲ್ಲಿ, ಪ್ಯಾರಿಸ್ಸಿನಲ್ಲಿ ದಾಗ್ಯೇರನ ಛಾಯಾಗ್ರಹಣದ ವಿಧಾನವನ್ನು ಜಗತ್ತಿಗೆ ಬಹಿರಂಗಪಡಿಸಲಾಗಿತ್ತು. ಬೆಳಕಿನಿಂದಲೇ ಚಿತ್ರ ಬರೆಸುವ ವಿದ್ಯೆಯೂ, ತನ್ನ ಬೆಳಕನ್ನು ತಾನೇ ಹೊತ್ತ ಗಾರ್ಡ್ನರನ ಈ ಅಣಬೆಯೂ ಒಂದೇ ವರ್ಷದಲ್ಲಿ ವಿದ್ವತ್ಪ್ರಪಂಚದ ಗಮನಕ್ಕೆ ಬಂದವಾದರೂ, ಅವೆರಡೂ ಒಂದನ್ನೊಂದು ಸಂಧಿಸಲು ಬಹುಕಾಲ ಬೇಕಾಯಿತು. ಅಣಬೆಯ ಬೆಳಕು ಹಸುರು. ಅದರ ತೀವ್ರತೆ 520ರಿಂದ 530 ನ್ಯಾನೋಮೀಟರು ತರಂಗದೈರ್ಘ್ಯದ ಆಸುಪಾಸಿನಲ್ಲಿ ಅತ್ಯಧಿಕವಾಗಿರುತ್ತದೆ. ಆ ಕಾಲದ ಫಲಕಗಳಾದರೋ ನೀಲಿಗೆ ಮತ್ತು ನೇರಿಳೆಗೆ ಮಾತ್ರ ಚುರುಕಾಗಿ ಸ್ಪಂದಿಸುತ್ತಿದ್ದು, ಹಸುರಿಗೆ ಬಹುಮಟ್ಟಿಗೆ ಕುರುಡಾಗಿದ್ದವು. 1873ರಲ್ಲಿ ಬರ್ಲಿನ್ನಿನ ಹೆರ್ಮಾನ್ ಫೋಗೆಲ್ ಎಂಬ ರಸಾಯನಜ್ಞನು ಫಲಕದ ಲೇಪಕ್ಕೆ ಕೆಲವು ವರ್ಣದ್ರವ್ಯಗಳನ್ನು ಬೆರೆಸಿದರೆ ಅದು ಹಸುರನ್ನೂ ಗ್ರಹಿಸುವುದೆಂದು ತೋರಿಸಿಕೊಟ್ಟನು. ಮತ್ತೊಂದು ವಿಘ್ನವಿತ್ತು. ಬೆಳಕು ಅತಿ ಮಂದವಾದಾಗ ಫಲಕವನ್ನು ಎರಡರಷ್ಟು ಹೊತ್ತು ತೆರೆದಿಟ್ಟರೆ ಎರಡರಷ್ಟು ಫಲ ದೊರೆಯುವುದಿಲ್ಲ. ಹೊತ್ತು ಹೆಚ್ಚಿದಷ್ಟೂ ಫಲಕದ ಗ್ರಹಣಶಕ್ತಿ ಸೊರಗುತ್ತದೆ. ಈ ನಿಯಮವನ್ನು ಖಗೋಳವಿಜ್ಞಾನಿ ಶ್ವಾರ್ಟ್ಸ್‌ಶಿಲ್ಡನು ನಕ್ಷತ್ರಗಳ ಮಂದಪ್ರಕಾಶವನ್ನು ಅಳೆಯುವ ಸಂದರ್ಭದಲ್ಲಿ ನಿರೂಪಿಸಿದನು. ಈ ಎರಡು ವಿಘ್ನಗಳ ನಡುವೆಯೇ ಹಾನ್ಸ್ ಮೋಲಿಷ್ ಎಂಬ ಸಸ್ಯವಿಜ್ಞಾನಿ ದೀಪ್ತಿಯುಳ್ಳ ಜೀವಿಗಳನ್ನು ಕುರಿತು 1904ರಲ್ಲಿ ಪ್ರಮಾಣಗ್ರಂಥವೊಂದನ್ನು ಪ್ರಕಟಿಸಿದನು. ಬೆಳಗುವ ಸೂಕ್ಷ್ಮಜೀವಿಗಳನ್ನು ಅವುಗಳ ಬೆಳಕಿನಿಂದಲೇ ಛಾಯಾಚಿತ್ರದಲ್ಲಿ ಮೂಡಿಸಿದನು. ಮುಂದೆ ಜಗದೀಶಚಂದ್ರ ಬೋಸರ ಆಹ್ವಾನದ ಮೇಲೆ ಕಲ್ಕತ್ತೆಗೆ ಬಂದು, ಬೋಸರ ಸಂಶೋಧನಾ ಮಂದಿರದಲ್ಲಿಯೂ ಕೆಲಕಾಲ ಇದ್ದು ಹೋದನು.

ಬೆಳಕಿನ ರಹಸ್ಯವೂ ಕ್ರಮೇಣ ತೆರೆದುಕೊಂಡಿತು. ಫ್ರಾನ್ಸಿನ ರಾಫಾಯೆಲ್ ದ್ಯುಬುವಾ 1885 ಮತ್ತು 1887ರಲ್ಲಿ ನಡೆಸಿದ ಪ್ರಯೋಗಗಳಿಂದ, ಬೆಳಗುವ ಕೀಟಗಳಲ್ಲಿಯೂ ಚಿಪ್ಪುಜೀವಿಗಳಲ್ಲಿಯೂ ಲುಸಿಫೆರಿನ್ ಎಂಬ ದ್ರವ್ಯ, ಲುಸಿಫೆರೇಸ್ ಎಂಬ ಕಿಣ್ವ, ಇವೆರಡರ ಸಂಯೋಗದಿಂದ ಬೆಳಕು ಹುಟ್ಟುತ್ತದೆಂದು ತಿಳಿಯಿತು. ಅಣಬೆಯ ರಸದಿಂದ ಹೀಗೆಯೇ ಬೆಳಕು ಹೊಮ್ಮಿಸಲು ಸಾಧ್ಯವಾದುದು 1959ರಲ್ಲಿ. ಅಣಬೆಯ ಲುಸಿಫೆರಿನ್ನಿನ ರಚನೆ ನಿಶ್ಚಿತವಾದುದು 2015ರಲ್ಲಿ. ಅದನ್ನು ನಿರ್ಮಿಸುವ ವಂಶವಾಹಿಗಳು ಗುರುತಾದುದು 2018ರಲ್ಲಿ. ಬಾಯ್ಲನು ಗಾಳಿಯೆಂದು ಹೇಳಿದುದು ಇಲ್ಲಿ ಆಮ್ಲಜನಕವಾಗಿ ತನ್ನ ಸ್ಥಾನವನ್ನು ಪಡೆಯಿತು. ಬೆಳಕಿನ ಪ್ರಯೋಜನವೇನೆಂಬ ಪ್ರಶ್ನೆಗೆ ಮಾತ್ರ ಒಮ್ಮತದ ಉತ್ತರವಿಲ್ಲ. ಗಾರ್ಡ್ನರನ ಅಣಬೆಯ ಬೆಳಕು ದಿನಮಾನದ ಲಯಕ್ಕೆ ಅನುಸಾರವಾಗಿ ರಾತ್ರಿಯಲ್ಲಿ ಏರುತ್ತದೆಂದೂ, ಅಣಬೆಯಂತೆ ರೂಪಿಸಿ ಹಸುರು ದೀಪವಿಟ್ಟ ಕೃತಕ ಬೊಂಬೆಗಳ ಮೇಲೆ ದೀಪವಿಲ್ಲದವುಗಳಿಗಿಂತ ಹೆಚ್ಚು ಕೀಟಗಳು ಸೇರಿದವೆಂದೂ 2015ರಲ್ಲಿ ವರದಿಯಾಯಿತು. ಕೀಟಗಳು ಬೀಜಕಣಗಳನ್ನು ಹೊತ್ತೊಯ್ದು ಹರಡುತ್ತವೆಂಬುದು ಇದರ ತಾತ್ಪರ್ಯ. ಮರುವರ್ಷವೇ ಆಸ್ಟ್ರೇಲಿಯದ ಅಣಬೆಯ ಮೇಲೆ ನಡೆದ ಪರೀಕ್ಷೆಯಲ್ಲಿ ಬೆಳಕಿಗೆ ಅಂಥ ಆಕರ್ಷಣೆ ಕಂಡುಬರಲಿಲ್ಲ. ಒಂದು ಕಾಡಿನ ಉತ್ತರವನ್ನು ಮತ್ತೊಂದು ಕಾಡಿಗೆ ಹೊರಿಸಲಾಗದೆಂಬ ಪಾಠ ಇದರಲ್ಲಿದೆ.

ಇಂದಿನ ಛಾಯಾಗ್ರಾಹಕನ ಕೆಲಸವನ್ನು ಹತ್ತಿರದಿಂದ ನೋಡಿದವರಿಗೆ ಅದೊಂದು ವ್ರತದಂತೆ ಕಾಣುವುದು ಸಹಜ. ಹಗಲಿನಲ್ಲಿಯೇ ಜಾಗವನ್ನು ನೋಡಿಟ್ಟುಕೊಂಡು, ಕತ್ತಲಾದ ಮೇಲೆ ಅಲ್ಲಿಗೆ ಹೋಗಿ, ಟಾರ್ಚನ್ನು ಆರಿಸಿ ಅರ್ಧ ಗಂಟೆ ಸುಮ್ಮನಿದ್ದರೆ ಕಣ್ಣು ಕತ್ತಲಿಗೆ ಹೊಂದಿಕೊಳ್ಳುತ್ತದೆ. ಆಮೇಲೆ, ಅದುವರೆಗೆ ಏನೂ ಇಲ್ಲವೆಂದು ತೋರುತ್ತಿದ್ದ ನೆಲದಲ್ಲಿ ಕಡ್ಡಿಯೊಂದು ಬೆಳ್ಳಗೆ ಗೋಚರವಾಗುತ್ತದೆ. ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ನೆಲಮಟ್ಟಕ್ಕೆ ಇಳಿಸಿ, ಕಿರಿದಾದ ದೀಪವನ್ನು ಕ್ಷಣಕಾಲ ಹಿಡಿದು, ಅಣಬೆಯ ಕೊಡೆಯಡಿಯ ಪದರಗಳ ಅಂಚಿಗೆ ನಾಭಿಯನ್ನು ಕೂಡಿಸಿ, ದೀಪವನ್ನು ಆರಿಸಿ, ಕೈಸೋಕದಂತೆ ದೂರದಿಂದ ಷಟರನ್ನು ತೆರೆದು, ಹಲವು ನಿಮಿಷ ಕಾಯಬೇಕು. ಅಷ್ಟರಲ್ಲಿ ಎಲೆಯಿಂದ ಹನಿಯೊಂದು ಬಿದ್ದು ಕಡ್ಡಿ ಅಲುಗಿದರೆ, ಮಸೂರದ ಮೇಲೆ ಮಂಜು ಕಟ್ಟಿದರೆ, ಮಿಂಚುಹುಳುವೊಂದು ಚೌಕಟ್ಟನ್ನು ಹಾದುಹೋದರೆ, ಮತ್ತೆ ಮೊದಲಿನಿಂದ ತೊಡಗಬೇಕು. ಇಷ್ಟು ಮಾಡಿದ ಮೇಲೆ ಪರದೆಯ ಮೇಲೆ ಮೂಡುವುದು ಕಣ್ಣಿಗೆ ಕಂಡ ಬಿಳಿಯಲ್ಲ, ಪಚ್ಚೆಯಂಥ ಹಸುರು. ಮಂದವಾದ ಬೆಳಕಿನಲ್ಲಿ ನೋಡುವ ಅಕ್ಷಿಪಟಲದ ಕೋಶಗಳಿಗೆ ಬಣ್ಣದ ಭೇದ ತಿಳಿಯದು; ಆದ್ದರಿಂದ ಅತಿ ಪ್ರಕಾಶವುಳ್ಳ ಜಾತಿಗಳಲ್ಲಲ್ಲದೆ ಈ ಹಸುರು ನಮಗೆ ಕಾಣಸಿಗುವುದಿಲ್ಲ. ಕ್ಯಾಮೆರಾ ನಿಮಿಷಗಟ್ಟಲೆ ಬೆಳಕನ್ನು ಕೂಡಿಟ್ಟು, ನಿಸರ್ಗದಲ್ಲಿ ನಿಜವಾಗಿ ಇರುವ, ಆದರೆ ನಮ್ಮ ಕಣ್ಣಿಗೆ ನಿಲುಕದ ವರ್ಣವನ್ನು ನಮಗೆ ದೊರಕಿಸುತ್ತದೆ. ಈ ವಿಸ್ಮಯ ಸತ್ಯವಾದುದು. ಅದಕ್ಕೆ ಕೃತಕವಾಗಿ ಮತ್ತಷ್ಟು ಬಣ್ಣ ಬಳಿಯುವುದು ಸತ್ಯಕ್ಕೆ ಮಾಡುವ ಅಪಚಾರ.

ಈ ಬೆಳಕಿಗಾಗಿ ನಾವು ದೂರದೇಶಗಳಿಗೆ ಹೋಗಬೇಕಾಗಿಲ್ಲ. ಮೇಘಾಲಯದ ಪೂರ್ವ ಖಾಸಿ ಬೆಟ್ಟಗಳಲ್ಲಿ, ಒಣಗಿ ಬಿದ್ದ ಬಿದಿರಿನ ಮೇಲೆ ಬೆಳೆಯುವ, ಕಾಂಡ ಮಾತ್ರ ಬೆಳಗುವ ಪುಟ್ಟ ಅಣಬೆಯೊಂದನ್ನು ವಿಜ್ಞಾನಿಗಳು 2020ರಲ್ಲಿ ಹೊಸ ಜಾತಿಯೆಂದು ಪ್ರಕಟಿಸಿದರು. ಅವರಿಗೆ ಅದರ ನೆಲೆಯನ್ನು ತಿಳಿಸಿದವರು ಅಲ್ಲಿಯ ಹಳ್ಳಿಗರು. ಹೊಳೆಯುವ ಬಿದಿರಿನ ಕಡ್ಡಿಗಳನ್ನು ಹಿಡಿದು ರಾತ್ರಿ ದಾರಿ ನಡೆಯುವುದು ಅವರಿಗೆ ತಿಳಿದ ವಿದ್ಯೆಯೇ ಆಗಿತ್ತು. ಕೇರಳದ ಕಾಡುಗಳಿಂದ ‘ಮೈಸಿನಾ ದೀಪ್ತ’ ಎಂಬ ಜಾತಿ ವರ್ಣಿತವಾಗಿದೆ. ಸಹ್ಯಾದ್ರಿಯ ಮಳೆಕಾಡುಗಳಲ್ಲಿ, ಮಹಾರಾಷ್ಟ್ರದ ಭೀಮಾಶಂಕರದ ಸುತ್ತಮುತ್ತ, ಮುಂಗಾರಿನ ರಾತ್ರಿಗಳಲ್ಲಿ ಕೊರಡುಗಳೂ ತರಗುಗಳೂ ಬೆಳಗುವುದನ್ನು ಜನ ನೋಡುತ್ತ ಬಂದಿದ್ದಾರೆ. ಇವೆಲ್ಲಕ್ಕೂ ಬೇಕಾದುದು ಬಿದ್ದಲ್ಲಿಯೇ ಕೊಳೆಯಲು ಬಿಟ್ಟ ಮರ, ಆರದ ತೇವ, ಕತ್ತಲಾಗಿಯೇ ಇರುವ ಕತ್ತಲು. ಕಾಡನ್ನು ಚೊಕ್ಕಟಗೊಳಿಸುವ ನೆಪದಿಂದ ಕೊರಡುಗಳನ್ನೆಲ್ಲ ಎತ್ತಿ ಸಾಗಿಸಿದರೆ, ದಾರಿಯುದ್ದಕ್ಕೂ ವಿದ್ಯುದ್ದೀಪಗಳನ್ನು ನೆಟ್ಟರೆ, ಉಳಿದುದನ್ನು ಚಿತ್ರಕ್ಕಾಗಿ ಕಿತ್ತು ಮನೆಗೆ ಒಯ್ದರೆ, ಛಾಯಾಚಿತ್ರದಲ್ಲಿ ಮಾತ್ರ ಉಳಿದ ಬೆಳಕಿನಿಂದ ಯಾರಿಗೂ ಪ್ರಯೋಜನವಿಲ್ಲ.

ಆದ್ದರಿಂದ ಈ ಚಿತ್ರಗಳನ್ನು ತೆಗೆಯುವ ನಮ್ಮ ತರುಣರಲ್ಲಿ ನನ್ನದೊಂದು ವಿಜ್ಞಾಪನೆಯಿದೆ. ಅಣಬೆಯನ್ನು ಅದು ಇದ್ದಲ್ಲಿಯೇ ಬಿಡಿ. ಚಿತ್ರದ ಕೆಳಗೆ ದಿನ, ಊರು, ಮರದ ಜಾತಿ, ಬೆಳಕನ್ನು ಕೂಡಿಸಿದ ನಿಮಿಷಗಳು, ಇವನ್ನು ಬರೆದಿಡಿ. ಇಷ್ಟಿದ್ದರೆ ನಿಮ್ಮ ಚಿತ್ರ ಬಾಯ್ಲನ ಪ್ರಯೋಗದ ಟಿಪ್ಪಣಿಗಳಂತೆ ಮುಂದಿನವರಿಗೆ ಆಧಾರವಾಗುವುದು. ಇದೆಲ್ಲಕ್ಕಿಂತ ಮಿಗಿಲಾಗಿ, ನಿಮ್ಮನ್ನು ಆ ಕೊರಡಿನ ಬಳಿಗೆ ಕರೆದೊಯ್ದವರ ಹೆಸರನ್ನು, ಅವರು ಒಪ್ಪಿದರೆ, ನಿಮ್ಮ ಹೆಸರಿನ ಪಕ್ಕದಲ್ಲಿ ಬರೆಯಿರಿ. ನಾತಿವಿದಾದೆಯ ಹುಡುಗರ ಹೆಸರು ಯಾವ ಗ್ರಂಥದಲ್ಲಿಯೂ ಉಳಿಯಲಿಲ್ಲ. ಆಂಬೋನಿನ ದಾರಿಗರ ಹೆಸರೂ ಉಳಿಯಲಿಲ್ಲ. ಆ ಕಾಲದ ಲೋಪವನ್ನು ನಾವು ತಿದ್ದಲಾರೆವು. ನಮ್ಮ ಕಾಲದಲ್ಲಿ ಅದು ಮರುಕಳಿಸದಂತೆ ನೋಡಿಕೊಳ್ಳುವುದು ಮಾತ್ರ ನಮ್ಮ ಕೈಯಲ್ಲಿದೆ.